ತಂತಿಯ ತುದಿ: ಕಂಪ್ಯೂಟರ್ ಜಾಲದ ಚರಿತ್ರೆಯಲ್ಲಿ ಹೆಸರಿಲ್ಲದವರು



ಕಂಪ್ಯೂಟರ್ ಜಾಲದ ಚರಿತ್ರೆ ಎಂದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಬಹುಮಟ್ಟಿಗೆ ಒಂದೇ ಕಥೆ. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಆರ್ಪಾನೆಟ್ ಎಂಬ ಜಾಲದ ಮೊದಲ ಸಂದೇಶ ಹೋಯಿತು. 1974ರಲ್ಲಿ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಜಾಲಗಳನ್ನು ಬೆಸೆಯುವ ವಿಧಾನವನ್ನು ಪ್ರಕಟಿಸಿದರು. ಆಮೇಲೆ ವೆಬ್ ಬಂತು. 1995ರ ಆಗಸ್ಟ್ 15ರಂದು ವಿದೇಶ್ ಸಂಚಾರ ನಿಗಮವು ಭಾರತದ ಜನರಿಗೆ ಇಂಟರ್‌ನೆಟ್ ಕೊಟ್ಟಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ಜಾಲದ ನಡುವೆ ಕುಳಿತವರು ಬರೆದ ಚರಿತ್ರೆ. ಜಾಲ ಎಲ್ಲಿ ಹುಟ್ಟಿತು ಎಂಬುದನ್ನು ಅದು ಹೇಳುತ್ತದೆ. ಎಲ್ಲಿಗೆ ಮುಟ್ಟಿತು, ಯಾರು ಮುಟ್ಟಿಸಿದರು ಎಂದು ಕೇಳುವುದಿಲ್ಲ. ತಂತಿಯ ತುದಿಯಲ್ಲಿ ನಿಂತು ಇದೇ ಚರಿತ್ರೆಯನ್ನು ಓದಿದರೆ ಪ್ರವರ್ತಕರ ಪಟ್ಟಿ ಬದಲಾಗುತ್ತದೆ ಎಂಬುದು ನನ್ನ ವಾದ.

ಹಾಗೆ ಓದುವುದಕ್ಕೆ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಿಗಿಂತ ತಕ್ಕ ಜಾಗ ಕಡಿಮೆ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಹುಮನಾಬಾದನ್ನು ಹಾದೇ ಹೋಗುತ್ತದೆ. ಬಸವಕಲ್ಯಾಣಕ್ಕೆ ಬರುವವರು ಅದೇ ಹೆದ್ದಾರಿಯನ್ನು ಬಿಟ್ಟು ಒಳಗೆ ತಿರುಗಬೇಕು. ಎರಡು ಮಹಾನಗರಗಳ ನಡುವಿನ ದಾರಿಯಲ್ಲಿ ಊರೊಂದು ಇದೆ ಎಂದಮಾತ್ರಕ್ಕೆ ಆ ದಾರಿಯಲ್ಲಿ ಹೋಗುವುದೆಲ್ಲ ಊರಿಗೆ ದಕ್ಕುವುದಿಲ್ಲ. ದೂರವಾಣಿಯ ವಿಷಯದಲ್ಲಿ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವ ಕಾಲದಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರಗಳಿದ್ದವು. ಹೆಚ್ಚು ಕೊಟ್ಟವನ ಮಾತು ಮೊದಲು ಹೋಗುತ್ತಿತ್ತು. ಸರ್ಕೀಟು ಸಿಕ್ಕವನು ಮಾತು ಮುಗಿಸುವವರೆಗೂ ಆ ಸರ್ಕೀಟು ಅವನದೇ. ಅವನು ಸುಮ್ಮನೆ ಕೂತರೂ ಮಿಕ್ಕವರು ಕಾಯಬೇಕು.

ಕಂಪ್ಯೂಟರ್ ಜಾಲದ ಮೂಲ ವಿಚಾರ ಹುಟ್ಟಿದ್ದು ಈ ಏರ್ಪಾಡನ್ನು ಮುರಿಯುವುದರಿಂದ. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬ್ಯಾರನ್ 1964ರಲ್ಲಿ ಸಂಪುಟಗಟ್ಟಲೆ ವರದಿ ಬರೆದು, ಕೇಂದ್ರವೇ ಇಲ್ಲದ ಜಾಲವನ್ನು ಕಟ್ಟಬಹುದು, ಸಂದೇಶವನ್ನು ತುಂಡುಮಾಡಿ ಸಿಕ್ಕ ದಾರಿಯಲ್ಲಿ ಕಳಿಸಬಹುದು ಎಂದು ತೋರಿಸಿದರು. ಬಸವಕಲ್ಯಾಣದ, ಅಂದರೆ ವಚನಕಾರರ ಕಲ್ಯಾಣದ, ನೆಲದಲ್ಲಿ ಇದನ್ನು ತಿಳಿಯುವುದು ಕಷ್ಟವಲ್ಲ. ವಚನಗಳು ಉಳಿದದ್ದು ಒಂದು ಭಂಡಾರದಲ್ಲಿ ಭದ್ರವಾಗಿದ್ದುದರಿಂದ ಅಲ್ಲ. ಮಠದಲ್ಲಿ, ಮನೆಯಲ್ಲಿ, ಊರೂರಲ್ಲಿ ಓಲೆಗರಿಯ ಕಟ್ಟುಗಳು ಹರಡಿಕೊಂಡಿದ್ದುದರಿಂದ. ಫ.ಗು. ಹಳಕಟ್ಟಿಯವರು ಅವನ್ನು ಕೂಡಿಹಾಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಲು ಆದದ್ದು ಆ ಹರಡುವಿಕೆಯಿಂದಲೇ. ಒಂದು ಕಡೆ ಸುಟ್ಟರೆ ಇನ್ನೊಂದು ಕಡೆ ಉಳಿಯಬೇಕು ಎಂಬುದೇ ಬ್ಯಾರನ್ನರ ಲೆಕ್ಕಾಚಾರದ ತಿರುಳು.

ಬ್ಯಾರನ್ನರ ವಿಚಾರವನ್ನು ಅಮೆರಿಕದ ದೂರವಾಣಿ ಕಂಪನಿ ಒಪ್ಪಲಿಲ್ಲ. ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಡೊನಾಲ್ಡ್ ಡೇವಿಸ್ 1965ರಲ್ಲಿ ತಾವೇ ಸ್ವತಂತ್ರವಾಗಿ ಅದೇ ವಿಚಾರಕ್ಕೆ ಬಂದರು. ಅವರ ಗುಂಪಿನ ರೋಜರ್ ಸ್ಕ್ಯಾಂಟಲ್‌ಬರಿ 1967ರ ಅಕ್ಟೋಬರಿನಲ್ಲಿ ಅಮೆರಿಕದ ಗ್ಯಾಟ್ಲಿನ್‌ಬರ್ಗಿನ ಸಮ್ಮೇಳನದಲ್ಲಿ ಅದನ್ನು ಮಂಡಿಸಿದರು. ಆರ್ಪಾನೆಟ್ ಕಟ್ಟಲು ಹೊರಟಿದ್ದ ಲ್ಯಾರಿ ರಾಬರ್ಟ್ಸ್‌ಗೆ ಬ್ಯಾರನ್ನರ ವರದಿಯ ಮಹತ್ವ ತಿಳಿದದ್ದು ಅಲ್ಲಿ. ನಿಧಾನದ ತಂತಿಗಳ ಬದಲು ಸೆಕೆಂಡಿಗೆ 50 ಸಾವಿರ ಬಿಟ್ ಒಯ್ಯುವ ತಂತಿಗಳನ್ನು ಬಳಸುವ ನಿರ್ಧಾರಕ್ಕೆ ಬಲ ಬಂದದ್ದೂ ಅಲ್ಲೇ. ಸ್ಕ್ಯಾಂಟಲ್‌ಬರಿಯ ಹೆಸರನ್ನು ಇಂದು ಎಷ್ಟು ವಿದ್ಯಾರ್ಥಿಗಳು ಕೇಳಿದ್ದಾರೆ?

ತುದಿಯ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವರು ಫ್ರಾನ್ಸಿನ ಲೂಯಿ ಪೂಜಾಂ. ಅವರ ಸಿಕ್ಲಾಡ್ ಜಾಲದ ಮೊದಲ ಪ್ರದರ್ಶನ 1973ರಲ್ಲಿ ನಡೆಯಿತು. ನಡುವಿನ ಯಂತ್ರಗಳು ತುಂಡುಗಳನ್ನು ಕೈಲಾದಮಟ್ಟಿಗೆ ಮುಂದೆ ದಾಟಿಸಲಿ. ಕಳೆದುಹೋದದ್ದನ್ನು ಮತ್ತೆ ಕೇಳುವ, ಹಿಂದುಮುಂದಾದದ್ದನ್ನು ಜೋಡಿಸುವ ಹೊಣೆ ಎರಡು ತುದಿಯ ಕಂಪ್ಯೂಟರುಗಳದೇ ಇರಲಿ ಎಂದರು ಪೂಜಾಂ. ನೋಡಲು ಇದು ಎಂಜಿನಿಯರಿಂಗಿನ ಸಣ್ಣ ನಿರ್ಧಾರ. ಆದರೆ ಅಧಿಕಾರ ಎಲ್ಲಿರಬೇಕು ಎಂಬುದನ್ನೇ ಅದು ತೀರ್ಮಾನಿಸುತ್ತದೆ. ಹೊಣೆ ತುದಿಗೆ ಹೋದರೆ ನಡುವಿನ ಇಲಾಖೆಯ ಹಿಡಿತ ಸಡಿಲವಾಗುತ್ತದೆ. ಫ್ರಾನ್ಸಿನ ಅಂಚೆ-ದೂರವಾಣಿ ಆಡಳಿತ ತನ್ನದೇ ಬೇರೆ ಜಾಲವನ್ನು ಬೆಂಬಲಿಸಿತು, ಸಿಕ್ಲಾಡಿಗೆ ಹಣ ನಿಂತಿತು, 1981ರ ಹೊತ್ತಿಗೆ ಅದು ಮುಚ್ಚಿತು. ವಿಚಾರ ಮಾತ್ರ ಸರ್ಫ್ ಮತ್ತು ಕಾನ್ ಅವರ ವಿನ್ಯಾಸದೊಳಗೆ ಸೇರಿ ಇಂದಿಗೂ ನಡೆಯುತ್ತಿದೆ. ಪೂಜಾಂ ಅವರಿಗೆ ಬ್ರಿಟನ್ನಿನ ರಾಣಿ ಎಲಿಜಬೆತ್ ಎಂಜಿನಿಯರಿಂಗ್ ಪ್ರಶಸ್ತಿಯ ಪಾಲು ಸಿಕ್ಕಿದ್ದು 2013ರಲ್ಲಿ, ನಲವತ್ತು ವರ್ಷಗಳ ಮೇಲೆ.

ಆರಂಭದ ದಾಖಲೆಗಳಲ್ಲಿ ಭಾರತೀಯರ ಹೆಸರುಗಳೂ ಇವೆ. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿದ ಅಭಯ್ ಭೂಷಣ್ ಎಂಐಟಿಯಲ್ಲಿದ್ದಾಗ, 1971ರ ಏಪ್ರಿಲಿನಲ್ಲಿ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಡತ ಸಾಗಿಸುವ ಎಫ್‌ಟಿಪಿ ನಿಯಮಾವಳಿಯ ಮೊದಲ ರೂಪವನ್ನು ಬರೆದರು. ಐಐಟಿ ಬಾಂಬೆಯಿಂದ ಹೋದ ಯೋಗೆನ್ ದಲಾಲ್, ಸರ್ಫ್ ಮತ್ತು ಕಾರ್ಲ್ ಸನ್‌ಶೈನ್ ಜೊತೆ ಸೇರಿ 1974ರ ಡಿಸೆಂಬರಿನಲ್ಲಿ ಜಾಲಗಳನ್ನು ಬೆಸೆಯುವ ಟಿಸಿಪಿ ನಿಯಮಾವಳಿಯ ಮೊದಲ ಪೂರ್ಣ ವಿವರಣೆಯನ್ನು ಬರೆದರು. ಆರ್‌ಎಫ್‌ಸಿ ಎಂಬ ದಾಖಲೆಗಳ ಸಾಲಿನಲ್ಲಿ ಇಬ್ಬರ ಬರಹವೂ ಯಾರು ಬೇಕಾದರೂ ಓದುವಂತೆ ಇದೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಇಬ್ಬರ ಬಳಿ: ರಾಜ್ ಜೈನ್ ಮತ್ತು ಕೆ.ಕೆ. ರಾಮಕೃಷ್ಣನ್.

1986ರ ಅಕ್ಟೋಬರಿನಲ್ಲಿ ಇಂಟರ್‌ನೆಟ್ ಕುಸಿದುಬಿದ್ದಿತು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಅದರ ನೆರೆಯ ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ದೂರ ಸುಮಾರು 400 ಗಜ. ಅಷ್ಟು ಹತ್ತಿರದ ಎರಡು ಜಾಗಗಳ ನಡುವೆ ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದ ದತ್ತಾಂಶ 40 ಬಿಟ್ಟಿಗೆ ಇಳಿಯಿತು. ತಂತಿ ಕಡಿದಿರಲಿಲ್ಲ. ಉತ್ತರ ಬರದೆ ತಾಳ್ಮೆಗೆಟ್ಟ ಕಂಪ್ಯೂಟರುಗಳು ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದವು. ಹಾಗೆ ಕಳಿಸಿದ್ದರಿಂದಲೇ ದಟ್ಟಣೆ ಇನ್ನಷ್ಟು ಬಿಗಿಯುತ್ತಿತ್ತು. ಇದಕ್ಕೆ ಮದ್ದು ಹುಡುಕಿದವರಲ್ಲಿ ವ್ಯಾನ್ ಜೇಕಬ್ಸನ್ ಹೆಸರು ಎಲ್ಲರಿಗೂ ಗೊತ್ತು. ಅವರ ಲೇಖನ ಹೊರಬಂದ 1988ರ ಅದೇ ಸಮ್ಮೇಳನದಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನಲ್ಲಿದ್ದ ರಾಮಕೃಷ್ಣನ್ ಮತ್ತು ಜೈನ್ ಇನ್ನೊಂದು ಮದ್ದನ್ನು ಮುಂದಿಟ್ಟರು.

ಅದು ಹೀಗಿದೆ. ಪ್ರತಿ ತುಂಡಿನ ತಲೆಬರಹದಲ್ಲಿ ಒಂದೇ ಒಂದು ಬಿಟ್ ಮೀಸಲಿಡಬೇಕು. ನಡುದಾರಿಯ ಯಂತ್ರದಲ್ಲಿ ಸರದಿ ಬೆಳೆದರೆ ಅದು ಆ ಬಿಟ್ಟನ್ನು ಸೊನ್ನೆಯಿಂದ ಒಂದಕ್ಕೆ ತಿರುಗಿಸುತ್ತದೆ, ಅಷ್ಟೆ. ತುಂಡು ತಲುಪಿದಾಗ ಪಡೆದವನು ಆ ಗುರುತನ್ನು ಸ್ವೀಕೃತಿಯಲ್ಲಿ ಬರೆದು ಹಿಂದಿರುಗಿಸುತ್ತಾನೆ. ಬಂದ ಸ್ವೀಕೃತಿಗಳಲ್ಲಿ ಅರ್ಧದಷ್ಟಾದರೂ ಗುರುತು ಹೊತ್ತಿದ್ದರೆ ಕಳಿಸುವವನು ತನ್ನ ಪಾಲನ್ನು ಎಂಟರಲ್ಲಿ ಒಂದಂಶ ಇಳಿಸಿಕೊಳ್ಳುತ್ತಾನೆ. ಇಲ್ಲದಿದ್ದರೆ ಒಂದೊಂದೇ ತುಂಡು ಏರಿಸಿಕೊಳ್ಳುತ್ತಾನೆ. ಇಳಿಯುವಾಗ ಪ್ರಮಾಣದಲ್ಲಿ, ಏರುವಾಗ ಒಂದೊಂದಾಗಿ ಎಂಬ ಈ ಕ್ರಮದಲ್ಲಿ ಹೆಚ್ಚು ಹಿಡಿದಿದ್ದವನು ಹೆಚ್ಚು ಬಿಟ್ಟುಕೊಡುತ್ತಾನೆ, ಕಡಿಮೆ ಇದ್ದವನು ಮೆಲ್ಲಗೆ ಅವನ ಸಮಕ್ಕೆ ಬರುತ್ತಾನೆ. ದಾ-ಮಿಂಗ್ ಚಿಯು ಜೊತೆ ಜೈನ್ 1989ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಅದಕ್ಕೂ ಮುಂಚೆ, 1984ರಲ್ಲೇ, ಹಂಚಿಕೆ ಎಷ್ಟು ನ್ಯಾಯವಾಗಿದೆ ಎಂದು ಅಳೆಯುವ ಒಂದು ಸೂಚ್ಯಂಕವನ್ನು ಜೈನ್ ಮತ್ತು ಅವರ ಸಹೋದ್ಯೋಗಿಗಳು ಕೊಟ್ಟಿದ್ದರು. ಹತ್ತು ಜನರಲ್ಲಿ ಒಬ್ಬನೇ ಎಲ್ಲವನ್ನೂ ಬಾಚಿಕೊಂಡರೆ ಸೂಚ್ಯಂಕ ಹತ್ತನೇ ಒಂದು. ಎಲ್ಲರಿಗೂ ಸಮಪಾಲು ಬಂದರೆ ಪೂರ್ಣ ಒಂದು. ಜಾಲವನ್ನು ವೇಗದಿಂದ ಮಾತ್ರ ಅಳೆಯುತ್ತಿದ್ದ ಕಾಲದಲ್ಲಿ ನ್ಯಾಯಕ್ಕೂ ಒಂದು ಅಳತೆ ಬೇಕು ಎಂದು ಯೋಚಿಸಿದ್ದು ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯ ದೊಡ್ಡ ಹೆಜ್ಜೆಗಳಲ್ಲಿ ಒಂದು. ಆ ಒಂದು ಬಿಟ್ಟಿನ ವಿಚಾರ 2001ರಲ್ಲಿ ರಾಮಕೃಷ್ಣನ್, ಸ್ಯಾಲಿ ಫ್ಲಾಯ್ಡ್ ಮತ್ತು ಡೇವಿಡ್ ಬ್ಲ್ಯಾಕ್ ಅವರ ಕೈಯಲ್ಲಿ ಇಂಟರ್‌ನೆಟ್ಟಿನ ಅಧಿಕೃತ ನಿಯಮಾವಳಿಯಾಯಿತು.

ಇನ್ನು ನಮ್ಮ ನೆಲಕ್ಕೆ ಬರೋಣ. 1980ರ ದಶಕದ ಭಾರತದಲ್ಲಿ ಮೊದಲ ತೊಡಕು ದೂರವಾಣಿಯೇ. ಹೊರದೇಶದ ತಂತ್ರಜ್ಞಾನದ ಡಿಜಿಟಲ್ ಎಕ್ಸ್‌ಚೇಂಜುಗಳು ದೊಡ್ಡ ಊರಿಗೆಂದು ಮಾಡಿದವು; ಹವಾನಿಯಂತ್ರಿತ ಕೋಣೆ, ನಿಲ್ಲದ ವಿದ್ಯುತ್ತು ಅವಕ್ಕೆ ಬೇಕು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ 36 ತಿಂಗಳು, 36 ಕೋಟಿ ರೂಪಾಯಿ ಎಂಬ ಮಿತಿಯೊಳಗೆ ಸ್ವದೇಶಿ ಎಕ್ಸ್‌ಚೇಂಜ್ ಮಾಡುತ್ತೇವೆಂದು ಹೊರಟಿತು. ಅದರ ಮುಂದಾಳು ಸ್ಯಾಮ್ ಪಿತ್ರೋಡ ಅವರ ಹೆಸರನ್ನು ಎಲ್ಲರೂ ಬಲ್ಲರು. ಸಂಸ್ಥೆಯನ್ನು ನಡೆಸಿದ ಜಿ.ಬಿ. ಮೀಮಾಂಸಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದ ಎಂ.ವಿ. ಪಿಟ್ಕೆ, ದೆಹಲಿ ಮತ್ತು ಬೆಂಗಳೂರಿನ ನೂರಾರು ಎಳೆಯ ಎಂಜಿನಿಯರುಗಳು ಅಷ್ಟು ಪ್ರಸಿದ್ಧರಲ್ಲ. ಅವರು ಮಾಡಿದ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಒಂದು ಬೀರುವಿನಷ್ಟು ದೊಡ್ಡದು. ಅದಕ್ಕೆ ಹವಾನಿಯಂತ್ರಣ ಬೇಡ. ಕಡಿಮೆ ವಿದ್ಯುತ್ತು ತಿನ್ನುವ ಬಿಡಿಭಾಗಗಳನ್ನು ಆರಿಸಿ, ಕಾದ ಗಾಳಿ ತಾನಾಗಿ ಮೇಲೇರಿ ಹೋಗುವಂತೆ ಹಲಗೆಗಳನ್ನು ಜೋಡಿಸಿದ್ದರು. ಬೇಸಿಗೆಯ ಬಿಸಿಲು, ದೂಳು, ಆಗಾಗ ಕೈಕೊಡುವ ಕರೆಂಟು, ಇವನ್ನು ತಿಳಿದೇ ಮಾಡಿದ ಯಂತ್ರ ಅದು. 1986ರ ಜುಲೈನಲ್ಲಿ ಅದನ್ನು ಮೊದಲು ಕೂರಿಸಿದ್ದು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ಆಮೇಲೆ ದೇಶದ ಹಳ್ಳಿಪಟ್ಟಣಗಳಲ್ಲೆಲ್ಲ ಎಸ್‌ಟಿಡಿ ಬೂತುಗಳು ಕಂಡವು. ಯಂತ್ರವನ್ನು ಇರಿಸುವ ಕೋಣೆ ಎಂಥದ್ದೆಂದು ಮೊದಲೇ ಯೋಚಿಸಿದ ಆ ಎಂಜಿನಿಯರುಗಳನ್ನು ನಾನು ಜಾಲದ ಪ್ರವರ್ತಕರೆಂದೇ ಎಣಿಸುತ್ತೇನೆ.

ಅದೇ ವರ್ಷಗಳಲ್ಲಿ ಎರಡು ಕಂಪ್ಯೂಟರ್ ಜಾಲಗಳು ಹುಟ್ಟಿದವು. 1986ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಅರ್ನೆಟ್ ಶುರುಮಾಡಿತು. ಐದು ಐಐಟಿಗಳು, ಬೆಂಗಳೂರಿನ ವಿಜ್ಞಾನ ಸಂಸ್ಥೆ, ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಮತ್ತು ಸ್ವತಃ ಇಲಾಖೆ ಅದರಲ್ಲಿ ಸೇರಿದ್ದವು. ಮುಂಬಯಿ ಕೇಂದ್ರದ ಶ್ರೀನಿವಾಸನ್ ರಮಣಿ ಭಾರತದ ಇಂಟರ್‌ನೆಟ್ಟಿಗೆ ಬುನಾದಿ ಹಾಕಿದವರಲ್ಲಿ ಮೊದಲಿಗರು. ಬೆಂಗಳೂರಿನಲ್ಲಿ ಅನುರಾಗ್ ಕುಮಾರ್ ವರ್ಷಗಳ ಕಾಲ ಅದರ ಹೊಣೆ ಹೊತ್ತರು. ಡಯಲ್ ಮಾಡಿ ಇಮೇಲ್ ದಾಟಿಸುವ ಹಂತದಿಂದ ಶುರುವಾದ ಈ ಜಾಲವನ್ನು ಕಟ್ಟಿದವರು, ಸಾರ್ವಜನಿಕರಿಗೆ ಇಂಟರ್‌ನೆಟ್ ಬರುವ ಹೊತ್ತಿಗೆ ಅದನ್ನು ನಡೆಸಬಲ್ಲ ಒಂದು ತಲೆಮಾರನ್ನೇ ತಯಾರು ಮಾಡಿದ್ದರು. ಆದರೆ ಅದು ಪಂಡಿತರ ಜಾಲ.

ಇನ್ನೊಂದು ನಿಕ್‌ನೆಟ್. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಮುಖ್ಯಸ್ಥರಾಗಿದ್ದ ಎನ್. ಶೇಷಗಿರಿ ಅದರ ಶಿಲ್ಪಿ. ಜಾಲದ ಘಟಕ ಮಹಾನಗರವೂ ಅಲ್ಲ, ವಿಶ್ವವಿದ್ಯಾಲಯವೂ ಅಲ್ಲ, ಜಿಲ್ಲೆ ಎಂದು ಅವರು ಹಿಡಿದ ಹಟ ಅಸಾಧಾರಣವಾದುದು. ನೆಲದ ತಂತಿಯನ್ನು ನೆಚ್ಚಿ ಕೂತಿದ್ದರೆ ದೇಶದ ಜಿಲ್ಲಾ ಕೇಂದ್ರಗಳನ್ನೆಲ್ಲ ಮುಟ್ಟುವುದಕ್ಕೆ ಇನ್ನೊಂದು ತಲೆಮಾರು ಬೇಕಾಗುತ್ತಿತ್ತು. ಹಾಗಾಗಿ ಉಪಗ್ರಹದ ದಾರಿ ಹಿಡಿದರು. ಕಟ್ಟಡದ ಮೇಲೆ ಇಡಬಹುದಾದ ಪುಟ್ಟ ಡಿಶ್, ಹಲವು ನೆಲೆಗಳು ಒಂದೇ ತರಂಗಾಂತರವನ್ನು ಬೇರೆಬೇರೆ ಸಂಕೇತಗಳಿಂದ ಹಂಚಿಕೊಳ್ಳುವ ವಿಧಾನ, ಪ್ರತಿ ಜಿಲ್ಲೆಗೂ ಒಂದು ಕಂಪ್ಯೂಟರು ಮತ್ತು ಅದನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿ. ವೇಗ ಇಂದಿನ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೂ ದಶಕದ ಕೊನೆಯ ಹೊತ್ತಿಗೆ ನಾನ್ನೂರಕ್ಕೂ ಹೆಚ್ಚು ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದಿದ್ದವು. ವಿದೇಶ್ ಸಂಚಾರ ನಿಗಮ 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಇಂಟರ್‌ನೆಟ್ ಮಾರಲು ಶುರುಮಾಡುವುದಕ್ಕೆ ವರ್ಷಗಳ ಮುಂಚೆಯೇ ಜಿಲ್ಲಾಧಿಕಾರಿಗಳ ಕಚೇರಿಗಳು ಜಾಲದಲ್ಲಿದ್ದವು. ವಿ. ರಾಜಾರಾಮನ್ ಅವರಂಥವರು ಬರೆದ ಭಾರತದ ಕಂಪ್ಯೂಟರ್ ಚರಿತ್ರೆಗಳಲ್ಲಿ ಇದಕ್ಕೆ ಜಾಗ ಇದೆ; ಜನಪ್ರಿಯ ಕಥನದಲ್ಲಿ ಇಲ್ಲ.

ಆದರೆ ಜಿಲ್ಲೆ ಎಂಬುದು ತುದಿಯೇ? ಈ ಪ್ರಶ್ನೆ ಕೇಳುವ ಹಕ್ಕು ಹುಮನಾಬಾದ್, ಬಸವಕಲ್ಯಾಣಗಳಿಗೆ ಇದೆ. ನಿಕ್‌ನೆಟ್ ಸರ್ಕಾರದ ಜಾಲ. ಅಂಕಿಅಂಶ ದೆಹಲಿಗೆ ಹೋಗುವುದೇ ಆಗ ಅದರ ಮುಖ್ಯ ಹರಿವಾಗಿತ್ತು. ಜಿಲ್ಲಾ ಕೇಂದ್ರದಿಂದ ಈಚೆ, ತಾಲ್ಲೂಕಿಗೆ ಬರುತ್ತಿದ್ದುದು ಕಾಗದವೇ, ತಾಲ್ಲೂಕಿನಿಂದ ಹೋಗುತ್ತಿದ್ದುದೂ ಕಾಗದವೇ. ಈ ಕೊರತೆ ಎಷ್ಟು ದುಬಾರಿ ಎಂಬುದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. ಕರ್ನಾಟಕದಲ್ಲಿ ಭೂದಾಖಲೆಗಳ ಗಣಕೀಕರಣವನ್ನು ಮೊದಲು ಪ್ರಯೋಗಿಸಿದ್ದು ಕಲಬುರಗಿ ಜಿಲ್ಲೆಯಲ್ಲಿ, 1991ರಲ್ಲಿ. ಇದೇ ಕೆಲಸಕ್ಕೆಂದು ಮುಂದೆ ಬಂದ ಭೂಮಿ ಯೋಜನೆಯನ್ನು ಹೊಗಳುವವರು ಈ ಪ್ರಯೋಗವನ್ನು ನೆನೆಯುವುದು ಅಪರೂಪ. ಅದು ಮುಂದೆ ಸಾಗಲಿಲ್ಲ. ಪಹಣಿ ಎಂಬ ಭೂದಾಖಲೆ ಬದಲಾಗುತ್ತಿದ್ದುದು ತಾಲ್ಲೂಕು ಕಚೇರಿಯಲ್ಲಿ, ಗ್ರಾಮಲೆಕ್ಕಿಗರ ಕೈಯಲ್ಲಿ. ತಾಲ್ಲೂಕಿಗೆ ಕಂಪ್ಯೂಟರ್ ಕೊಡುವ ಏರ್ಪಾಡೇ ಆ ಯೋಜನೆಯಲ್ಲಿ ಇರಲಿಲ್ಲ. ಯಂತ್ರದಲ್ಲಿ ಕೂತ ದಾಖಲೆ ಒಂದು, ಹೊಲದ ಇಂದಿನ ಸ್ಥಿತಿ ಇನ್ನೊಂದು ಎಂದಾದರೆ ಅಂಥ ದಾಖಲೆಯನ್ನು ಯಾರು ನಂಬಿಯಾರು?

ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ ಕಂದಾಯ ಇಲಾಖೆ ಮತ್ತು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಬೆಂಗಳೂರು ಘಟಕ ಸೇರಿ ನಡೆಸಿದ ಭೂಮಿ ಯೋಜನೆ ಗೆದ್ದದ್ದು ಈ ತಪ್ಪನ್ನು ತಿದ್ದಿದ್ದರಿಂದ. ಅಂದಿನ 177 ತಾಲ್ಲೂಕುಗಳಲ್ಲೂ ಕಂಪ್ಯೂಟರ್ ಇಟ್ಟರು, ಹೊರಗೆ ಕಿಟಕಿ ತೆರೆದರು, 15 ರೂಪಾಯಿಗೆ ಪಹಣಿ ಕೊಟ್ಟರು, ಕೈಬರಹದ ಪಹಣಿಯ ಮಾನ್ಯತೆಯನ್ನು ತೆಗೆದುಹಾಕಿದರು. ಸುಮಾರು 2 ಕೋಟಿ ದಾಖಲೆಗಳು, 67 ಲಕ್ಷ ಹಿಡುವಳಿದಾರರು. ಈ ಸಂಖ್ಯೆಗಳು ಪ್ರಸಿದ್ಧ. ಇವುಗಳ ಹಿಂದಿನ ಕೆಲಸವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳೋಣ. ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರನ ಹೆಸರು, ಬೆಳೆ, ಸಾಲದ ಬೋಜಾ, ಎಲ್ಲವನ್ನೂ ಕೈಬರಹ ನೋಡಿ ಕೀಲಿಸಬೇಕು. ಮುದ್ರಿಸಿ ಗ್ರಾಮಲೆಕ್ಕಿಗರ ಮುಂದಿಡಬೇಕು. ಅವರು ಮೂಲದ ಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡಿ ತಿದ್ದಿ ಸಹಿ ಮಾಡಬೇಕು. ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ನಿಜಾಮರ ಆಡಳಿತದಲ್ಲಿ ಕಂದಾಯದ ಬರಹ ಉರ್ದುವಿನಲ್ಲಿತ್ತು. ಹಳೆಯ ಹಕ್ಕಿನ ತಕರಾರು ಬಂದಾಗ ಆ ಕಾಗದಗಳವರೆಗೂ ಹೋಗಬೇಕು. ಅವನ್ನು ಓದಬಲ್ಲವರು ಈಗ ಕಡಿಮೆಯಾಗುತ್ತಿದ್ದಾರೆ. ಇದರಲ್ಲಿ ಅಲ್ಗಾರಿದಮ್ಮಿನ ಜಾಣ್ಮೆ ಇಲ್ಲ, ನಿಜ. ಆದರೆ ಈ ತಾಳೆ ನೋಡುವ ಕೆಲಸ ಆಗದೆ ಇದ್ದಿದ್ದರೆ ಮುಂದೆ ಈ ಕಂಪ್ಯೂಟರುಗಳನ್ನು ರಾಜ್ಯ ಮಟ್ಟದ ದತ್ತಾಂಶ ಕೇಂದ್ರಕ್ಕೆ ಬೆಸೆದಾಗ ಜಾಲದಲ್ಲಿ ಹರಿಯುವುದಕ್ಕೆ ನಂಬಲರ್ಹವಾದದ್ದು ಏನೂ ಇರುತ್ತಿರಲಿಲ್ಲ.

ಇಂಥ ಕೆಲಸವನ್ನು ಗೌರವಿಸಿದ ಉದಾಹರಣೆ ಹೊರಗೂ ಇದೆ. ಆರ್ಪಾನೆಟ್ಟಿನ ಕಾಲದಲ್ಲಿ ಯಾವ ಕಂಪ್ಯೂಟರಿಗೆ ಯಾವ ಹೆಸರು, ಯಾವ ವಿಳಾಸ ಎಂಬ ಪಟ್ಟಿಯನ್ನು ಇಟ್ಟುಕೊಂಡು, ಕೇಳಿದವರಿಗೆ ಫೋನಿನಲ್ಲಿ ಉತ್ತರ ಕೊಡುತ್ತಿದ್ದುದು ಎಲಿಜಬೆತ್ ಫೈನ್‌ಲರ್ ಎಂಬ ಮಹಿಳೆ ಮತ್ತು ಅವರ ಸಣ್ಣ ಗುಂಪು. ವರ್ಷಗಟ್ಟಲೆ ಅದನ್ನು ಗುಮಾಸ್ತಿಕೆ ಎಂದೇ ಜನ ಎಣಿಸಿದ್ದರು. ಇಂದು ಅವರ ಕಾಗದಪತ್ರಗಳು ಕಂಪ್ಯೂಟರ್ ಚರಿತ್ರೆಯ ಸಂಗ್ರಹಾಲಯದಲ್ಲಿವೆ. ಅವರು ಜೋಪಾನ ಮಾಡಿದ್ದರಿಂದಲೇ ಆರ್ಪಾನೆಟ್ಟಿನ ಚರಿತ್ರೆಯನ್ನು ಆಧಾರಸಹಿತ ಬರೆಯಲು ಸಾಧ್ಯವಾಗಿದೆ.

ನಮ್ಮಲ್ಲಿ ಅಂಥ ಜೋಪಾನ ಆಗಬೇಕು, ಮತ್ತು ಈ ಎರಡು ತಾಲ್ಲೂಕುಗಳಲ್ಲೇ ಆರಂಭವಾಗಬೇಕು ಎಂಬುದು ನನ್ನ ಒತ್ತಾಯ. ಸರ್ಕಾರಿ ಕಡತಕ್ಕೆ ಆಯುಷ್ಯವಿದೆ. ಅವಧಿ ಮುಗಿದದ್ದು ವಿಲೇವಾರಿಯಾಗುತ್ತದೆ. ಎಕ್ಸ್‌ಚೇಂಜುಗಳ ಲಾಗ್ ಪುಸ್ತಕ, ಭೂಮಿ ಯೋಜನೆಯ ತಾಳೆಪಟ್ಟಿಗಳು, ಕಂಪ್ಯೂಟರ್ ಬಂದಾಗಿನ ಸುತ್ತೋಲೆಗಳು ಎಲ್ಲೆಲ್ಲಿ ಉಳಿದಿವೆಯೋ ಅವುಗಳ ಪಟ್ಟಿ ಮೊದಲು ಆಗಬೇಕು. ಅದಕ್ಕಿಂತ ತುರ್ತಿನ ಕೆಲಸ ಜನರ ನೆನಪಿನದು. ಲೈನ್‌ಮನ್ನರು, ಟ್ರಂಕ್ ಆಪರೇಟರುಗಳು, ಮೊದಲ ಡೇಟಾ ಎಂಟ್ರಿ ನೌಕರರು, ಗ್ರಾಮಲೆಕ್ಕಿಗರು, ಎಸ್‌ಟಿಡಿ ಬೂತು ನಡೆಸಿದವರು ಬಹುಪಾಲು ನಿವೃತ್ತರು. ಆದರೆ ಇಲ್ಲೇ ಇದ್ದಾರೆ. ಇತಿಹಾಸ ಮತ್ತು ಕಂಪ್ಯೂಟರ್ ವಿಭಾಗಗಳ ವಿದ್ಯಾರ್ಥಿಗಳು ಜೋಡಿಯಾಗಿ ಅವರ ಮನೆಗೆ ಹೋಗಲಿ, ಅವರ ಒಪ್ಪಿಗೆ ಪಡೆದು ಮಾತನ್ನು ಧ್ವನಿಮುದ್ರಿಸಲಿ. ಕನ್ನಡವೋ ದಖ್ಖನಿಯೋ ಮರಾಠಿಯೋ, ಅವರಾಡುವ ಭಾಷೆಯಲ್ಲೇ ಇರಲಿ. ಕೇಳಬೇಕಾದ ಪ್ರಶ್ನೆಗಳು ಸರಳ. ಮಳೆಗಾಲದಲ್ಲಿ ಲೈನು ಕಡಿದಾಗ ಯಾರು ಹೋಗುತ್ತಿದ್ದರು, ಯಾವುದರಲ್ಲಿ ಹೋಗುತ್ತಿದ್ದರು? ಕರೆಂಟು ಹೋದಾಗ ಬ್ಯಾಟರಿ ಎಷ್ಟು ಹೊತ್ತು ತಾಳುತ್ತಿತ್ತು? ಕಂಪ್ಯೂಟರನ್ನು ಮೊದಲು ಮುಟ್ಟಿದಾಗ ಕಲಿಸಿದವರು ಯಾರು? ಮುದ್ರಿತ ಪಹಣಿಯಲ್ಲಿ ತಪ್ಪು ಕಂಡ ರೈತ ಬಂದಾಗ ಅದು ತಿದ್ದುಪಡಿಯಾಗುತ್ತಿದ್ದುದು ಹೇಗೆ? ಜೊತೆಗೆ ಕೆಲಸ ಮಾಡಿದ ಯಾರ ಹೆಸರು ಯಾವ ದಾಖಲೆಯಲ್ಲೂ ಇಲ್ಲ?